ಬೇರಣ್ಣನ ರೋಗದ ತಾಕು

ಹೊಲದಲ್ಲಿ ಗೋಧಿ ಚೆನ್ನಾಗಿ ಬಂದುಬಿಟ್ಟಿದೆಯಲ್ಲಪ್ಪಾ ಎಂದು ತಲೆ ಮೇಲೆ ಕೈ ಹೊತ್ತು ಕೂತ ಮನುಷ್ಯನನ್ನು ನೀವು ಕಂಡಿರಲಾರಿರಿ. ಬೇರಣ್ಣ ಆ ದಿನ ಹಾಗೆ ಕೂತಿದ್ದ. ಗೋಧಿ ಸಂಶೋಧನಾ ಕೇಂದ್ರದ ತೊಳೆಯುವ ಕೋಣೆಯಲ್ಲಿ, ಮರದ ಸ್ಟೂಲಿನ ಮೇಲೆ. ಎದುರಿಗೆ ಕೆಸರು ನೀರಿನ ಟಬ್ಬು, ಕೈಯಲ್ಲಿ ಈಗಷ್ಟೇ ತೊಳೆದ ಒಂದು ಗೋಧಿ ಗಿಡ. ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ ಬಿಟ್ಟರೆ ಗಿಡದ ಬೇರು ಬೆಳ್ಳಗಿತ್ತು. ಅದೇ ಅವನ ಸಂಕಟ.

ಈ ಸಂಕಟ ಅರ್ಥವಾಗಬೇಕಾದರೆ ಅವನ ಕೆಲಸ ಏನೆಂದು ಹೇಳಬೇಕು. ಕೇಂದ್ರದ ಹಿಂಭಾಗದಲ್ಲಿ ಅಕ್ಕಪಕ್ಕ ಮೂರು ತಾಕುಗಳಿವೆ. ಮೊದಲನೆಯದರಲ್ಲಿ ಒಂದು ವರ್ಷ ಸಾಸಿವೆ, ಮರುವರ್ಷ ಗೋಧಿ. ಎರಡನೆಯದರಲ್ಲಿ ಒಂದು ವರ್ಷ ಬಟಾಣಿ, ಮರುವರ್ಷ ಗೋಧಿ. ಮೂರನೆಯದರಲ್ಲಿ ಮಾತ್ರ ಏಳು ವರ್ಷದಿಂದ ಗೋಧಿಯ ಮೇಲೆ ಗೋಧಿ. ಗೋಧಿಯ ಬೇರು ತಿನ್ನುವ ಬೂಷ್ಟೊಂದಿದೆ. ಕಟಾವಾದ ಮೇಲೆ ಅದು ಕೂಳೆಯಲ್ಲಿ ಅಡಗಿ ಕೂತು ಮುಂದಿನ ಗೋಧಿಗಾಗಿ ಕಾಯುತ್ತದೆ. ಬಂದದ್ದು ಬಟಾಣಿಯೋ ಸಾಸಿವೆಯೋ ಆದರೆ ಅದಕ್ಕೆ ಉಪವಾಸ. ಬಹುಪಾಲು ಸತ್ತೇ ಹೋಗುತ್ತದೆ. ಮತ್ತೆ ಗೋಧಿಯೇ ಬಂದರೆ ಮಾವನ ಮನೆಯ ಊಟ. ಆಗ ಬೇರು ಕಪ್ಪಾಗುತ್ತದೆ, ಕಾಂಡದ ಬುಡ ಮಸಿ ಬಳಿದ ಹಾಗಾಗುತ್ತದೆ, ತೆನೆ ಕಾಳು ಕಟ್ಟುವ ಮೊದಲೇ ಬೆಳ್ಳಗೆ ಒಣಗಿ ಟೊಳ್ಳಾಗಿ ನಿಲ್ಲುತ್ತದೆ. ಬೆಳೆ ಬದಲಿಸಿದರೆ ಎಷ್ಟು ಲಾಭ ಎಂದು ರೈತರಿಗೆ ತೋರಿಸಬೇಕಾದರೆ ಬದಲಿಸದಿದ್ದರೆ ಎಷ್ಟು ನಷ್ಟ ಎಂದೂ ತೋರಿಸಬೇಕಲ್ಲ. ಆ ನಷ್ಟವನ್ನು ಜೋಪಾನವಾಗಿ ಕಾಪಾಡಿಕೊಂಡು ಬರುವುದು ಹೊಲದ ಮೇಲ್ವಿಚಾರಕನಾದ ಬೇರಣ್ಣನ ಕೆಲಸ.

ಕಾಪಾಡಿಕೊಂಡು ಬಂದಿದ್ದ ಕೂಡ. ಬೇರೆಯವರು ಮಕ್ಕಳ ಅಂಕ ಹೇಳಿಕೊಂಡು ಬೀಗಿದರೆ ಇವನು "ಹೋದ ವರ್ಷ ನಮ್ಮ ಮೂರನೇ ತಾಕಲ್ಲಿ ಅರ್ಧಕ್ಕರ್ಧ ಬಿಳಿ ತೆನೆ" ಎಂದು ಬೀಗುತ್ತಿದ್ದ. ಹೊರಗಿನಿಂದ ಯಾರು ಬಂದರೂ ಚೆನ್ನಾಗಿ ಬೆಳೆದ ಎರಡು ತಾಕುಗಳನ್ನು ಸರಸರ ದಾಟಿಸಿ, ಮೂರನೆಯದರ ಮುಂದೆ ನಿಲ್ಲಿಸಿ, ಒಂದು ಗಿಡ ಕಿತ್ತು, ಕರ್ರಗಿನ ಬೇರನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ನೆಲದ ಮೇಲಿನದು ಅವನಿಗೆ ಲೆಕ್ಕಕ್ಕಿಲ್ಲ. ಮನುಷ್ಯರನ್ನು ಕಂಡರೂ ಮೊದಲು ಕಾಲಿನ ಕಡೆ ನೋಡುತ್ತಾನೆ ಎಂದು ಕ್ವಾರ್ಟರ್ಸಿನ ಹೆಂಗಸರೇ ಅವನಿಗೆ ಬೇರಣ್ಣ ಎಂದು ಹೆಸರಿಟ್ಟದ್ದು. ಅವನಿಗೂ ಆ ಹೆಸರಿನ ಮೇಲೆ ಒಳಗೊಳಗೇ ಅಭಿಮಾನವಿತ್ತು.

ಅಂಥವನ ಕೈಯಲ್ಲಿ ಈಗ ಬಿಳಿ ಬೇರು. ಇದು ಮೂರನೇ ತಾಕಿನ ಗಿಡವಲ್ಲ, ಕಟ್ಟಿದ ಚೀಟಿ ಅದಲುಬದಲಾಗಿರಬೇಕು ಎಂದುಕೊಂಡು ಸಲಿಕೆ ಹಿಡಿದು ಮತ್ತೆ ಹೋದ. ಈ ಸಲ ತಾಕಿನ ನಟ್ಟನಡುವಿನಿಂದ ಅಗೆದು ತಂದ. ಬಿಳುಪು. ನಾಲ್ಕು ಮೂಲೆಯಿಂದಲೂ ತಂದ. ಮೂಲೆಗಳೂ ಅವನ ಮಾನ ಉಳಿಸಲಿಲ್ಲ. ವಾರದ ಕೊನೆಗೆ ಹೊರಗಿನಿಂದ ಪರಿಶೀಲನಾ ತಂಡ ಬರುವುದಿತ್ತು. ಈ ಪ್ರಯೋಗ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವವರು ಅವರೇ. ರೋಗದ ತಾಕಿನಲ್ಲಿ ರೋಗವೇ ಇಲ್ಲ ಎಂದರೆ, ಮಧ್ಯೆ ಯಾರೋ ಬೇರೆ ಬೆಳೆ ಹಾಕಿ ಕೆಡಿಸಿದ್ದಾರೆ ಎನ್ನುತ್ತಾರೆ. ಏಳು ವರ್ಷದ ಕೆಲಸ ಮಣ್ಣುಪಾಲಾಗುತ್ತದೆ. ಬೆರಳು ಯಾರ ಕಡೆ ತಿರುಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಮೂರನೇ ತಾಕಿನ ಬೇರು ತೊಳೆದಾಯ್ತಾ, ಬೇರಣ್ಣಾ?" ಎಂದು ಬಾಗಿಲಲ್ಲಿ ತಲೆ ಹಾಕಿ ಕೇಳಿದವರು ಹೊಸ ಮೇಡಂ. ಈ ಹಂಗಾಮಿನ ಶುರುವಿನಲ್ಲಷ್ಟೇ ವರ್ಗವಾಗಿ ಬಂದ ವಿಜ್ಞಾನಿ. ವಯಸ್ಸಿನಲ್ಲಿ ಅವನ ಮಗಳಷ್ಟು.

"ಇಲ್ಲ ಮೇಡಂ. ಮಣ್ಣು ಅಂಟು. ಇನ್ನೂ ನೆನೀಬೇಕು," ಎಂದು ಬೇರಣ್ಣ ಟಬ್ಬಿಗೆ ಬೆನ್ನು ಅಡ್ಡ ಕೊಟ್ಟು ನಿಂತ.

ಮೇಡಂ ಅವನ ಮುಖ ನೋಡಿದರು, ಬೆನ್ನ ಹಿಂದಿನ ಟಬ್ಬಿನ ಕಡೆ ನೋಡಿದರು, "ಸರಿ, ನಿಧಾನಕ್ಕೆ ಆಗ್ಲಿ" ಎಂದು ಹೋದರು. ಅವರು ಏನೂ ಗಮನಿಸಲಿಲ್ಲ ಎಂದು ಬೇರಣ್ಣ ಸಮಾಧಾನಪಟ್ಟುಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಈ ಸಮಾಧಾನ ಬಹಳ ಬೇಗ ಸಿಗುತ್ತದೆ.

ಯಾರು ಮಾಡಿರಬಹುದು ಎಂದು ಅವನು ಹೆಚ್ಚು ಯೋಚಿಸಲೇ ಇಲ್ಲ. ಅವನ ಅನುಮಾನ ನೆಟ್ಟಗೆ ಮನೆಗೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ನಿಂತಿತು.

ಅವನ ಹೆಂಡತಿಯನ್ನು ಇಡೀ ಕ್ವಾರ್ಟರ್ಸು ಟೈಲರಮ್ಮ ಎಂದು ಕರೆಯುತ್ತದೆ. ಒಳ್ಳೆಯ ಹೆಂಗಸು, ಆದರೆ ಕೆಟ್ಟದ್ದನ್ನು ಕಂಡರೆ ಸರಿ ಮಾಡದೆ ಇರಲಾರಳು. ಪಕ್ಕದ ಮನೆಯ ಪರದೆ ಸೊಟ್ಟಗಿದ್ದರೆ ಕೇಳದೆಯೇ ಬಿಚ್ಚಿ ತಂದು ಅಂಚು ಹೊಲಿದು ತೂಗುಹಾಕಿ ಬರುತ್ತಾಳೆ. ಹಿಂದೊಮ್ಮೆ ಗಾಜಿನ ಮನೆಯಲ್ಲಿ ನೀರಿಲ್ಲದೆ ಗೋಧಿ ಎಷ್ಟು ದಿನ ತಡೆಯುತ್ತದೆ ಎಂದು ನೋಡಲು ಕುಂಡಗಳನ್ನು ಒಣಗಲು ಬಿಟ್ಟಿದ್ದರು. ಗಂಡನಿಗೆ ಬುತ್ತಿ ಕೊಡಲು ಬಂದ ಟೈಲರಮ್ಮ ಅದನ್ನು ಕಂಡು, "ಸಂಬಳ ತಗೊಳ್ತಾರೆ, ಒಂದು ಚೊಂಬು ನೀರು ಹಾಕೋಕೆ ಆಗಲ್ಲ" ಎಂದು ಗೊಣಗಿ, ಎಲ್ಲ ಕುಂಡಗಳಿಗೂ ಹೊಟ್ಟೆ ತುಂಬ ನೀರು ಹಾಕಿ ಹೋಗಿದ್ದಳು. ಆಗಿನ ಸಾಹೇಬರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಮೂರನೇ ತಾಕು ಬೇರೆ ಅವರ ಮನೆಯ ಹಿಂದಿನ ಕಿಟಕಿಗೆ ನೇರ ಕಾಣುತ್ತದೆ. ಮಿಷನ್ ತುಳಿಯುತ್ತ ತಲೆಯೆತ್ತಿದರೆ ಅದೇ. "ರೀ, ಒಂದು ವರ್ಷ ಬಟಾಣಿ ಹಾಕಿ ಪುಣ್ಯ ಕಟ್ಕೊಳ್ರೀ. ಮನೆಗೆ ಬಂದೋರೆಲ್ಲ ನಿಮ್ಮವರ ಹೊಲ ಯಾಕಕ್ಕಾ ಹೀಗಿದೆ ಅಂತಾರೆ" ಎಂದು ಅವಳು ಪ್ರತಿ ಹಂಗಾಮಿನಲ್ಲೂ ಹೇಳುವುದು, ಇವನು ಮೂಗು ಮುರಿಯುವುದು ನಡೆದೇ ಇತ್ತು. ಸಾಲದ್ದಕ್ಕೆ ಈ ಸಲದ ಬಿತ್ತನೆಗೆ ಮುಂಚೆ, ತಾಕು ಖಾಲಿ ಬಿದ್ದಿದ್ದಾಗ, ಬೇರಣ್ಣನಿಗೆ ಕಣ್ಣಿನ ಪೊರೆ ತೆಗೆದಿದ್ದರು. ಒಂದೂವರೆ ತಿಂಗಳು ಅವನು ಮೊದಲು ಪಟ್ಟಿ, ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಕೂತಿದ್ದ. ಹೊಲದಲ್ಲಿ ಆನೆ ಸಾಕಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅನುಮಾನಕ್ಕೆ ರುಜುವಾತು ಬೇಕಲ್ಲ. ಮಧ್ಯಾಹ್ನ ತಾಕಿನ ಬದುವಿಗೆ ಹೋಗಿ ಬಗ್ಗಿ ಬಗ್ಗಿ ನೋಡಿದ. ಗೋಧಿಯ ಸಾಲಿನ ಅಂಚಿನಲ್ಲಿ ಒಂದು ಗಿಡ, ಗೋಧಿಯ ಕಾಂಡಕ್ಕೇ ಬಳ್ಳಿ ಸುತ್ತಿಕೊಂಡು ನಿಂತಿತ್ತು. ಬಟಾಣಿ. ಪಕ್ಕದ ತಾಕಿನಲ್ಲಿ ಹೋದ ವರ್ಷ ಬಟಾಣಿಯೇ ಇತ್ತು, ಒಂದು ಕಾಳು ಸಿಡಿದೋ ಹಕ್ಕಿ ಕಚ್ಚಿಕೊಂಡೋ ಬಂದಿರಬಹುದು ಎಂದು ಬೇರೆ ದಿನವಾಗಿದ್ದರೆ ಅವನೇ ಹೇಳುತ್ತಿದ್ದ. ಆ ದಿನ ಹೊಳೆಯಲಿಲ್ಲ. ಗಿಡವನ್ನು ಕಿತ್ತು ಅಂಗಿಯ ಜೇಬಿನಲ್ಲಿಟ್ಟುಕೊಂಡು ಪೊಲೀಸಿನವನ ಗತ್ತಿನಲ್ಲಿ ಮನೆಗೆ ನಡೆದ.

ಟೈಲರಮ್ಮ ಶಾಲೆಯ ಅಂಗಿಯೊಂದಕ್ಕೆ ಕಾಲರ್ ಕೂರಿಸುತ್ತಿದ್ದಳು. ಬೇರಣ್ಣ ಬಟಾಣಿ ಗಿಡವನ್ನು ಕಾಲರಿನ ಮೇಲೆಯೇ ಇಟ್ಟ.

"ಏನಿದು?"

"ಬಟಾಣಿ ಗಿಡ," ಎಂದಳು ಅವಳು. "ಇಷ್ಟು ವರ್ಷ ಹೊಲದಲ್ಲಿದ್ದು ಇದೂ ಗೊತ್ತಾಗಲ್ವಾ ನಿಮಗೆ? ಮಣ್ಣು ತೆಗೀರಿ, ಬಿಳಿ ಬಟ್ಟೆ."

"ಮೂರನೇ ತಾಕಲ್ಲಿ ಸಿಕ್ತು."

"ಪಾಪ. ಎಲ್ಲಾ ಬಿಟ್ಟು ಆ ಆಸ್ಪತ್ರೆಗೆ ಯಾಕೆ ಹೋಯ್ತೋ."

"ಅದು ತಾನಾಗಿ ಹೋಗಿಲ್ಲ. ನೀನು ಹಾಕಿದ್ದು. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಹಾಕಿದೀಯ. ಗೋಧಿ ಬೇರು ಪೂರ್ತಿ ಬೆಳ್ಳಗಾಗಿ ಕೂತಿದೆ ಅಲ್ಲಿ! ಒಣಗೋ ಕುಂಡಕ್ಕೆ ನೀರು ಹಾಕಿದೋಳು ನೀನು, ಇದನ್ನ ಬಿಡ್ತೀಯಾ? ಏಳು ವರ್ಷ ಕಣೇ! ಏಳು ವರ್ಷ ನಾನು ಆ ರೋಗಾನ ಮಗು ಥರ ನೋಡ್ಕೊಂಡಿದ್ದೆ."

ಮಿಷನ್ ನಿಂತಿತು. ಅವಳು ಗಿಡವನ್ನು ಎತ್ತಿ ಕಿಟಕಿಯ ಮೇಲಿಟ್ಟಳು, ಕಾಲರಿನ ಮಣ್ಣು ಕೊಡವಿದಳು.

"ಆ ತಂಡದವರು ಬಂದ್ರೆ ನಿಮ್ಮನ್ನ ಏನಂತಾರೆ?" ಎಂದು ಕೇಳಿದಳು.

"ಏನಂತಾರೆ? ಕರೆದು ಹಾರ ಹಾಕ್ತಾರೆ! ಕೆಲಸ ಕೆಡಿಸ್ದ ಅಂತಾರೆ. ಇನ್ನೊಂದು ವರ್ಷಕ್ಕೆ ನಿವೃತ್ತಿ ಆಗೋನಿಗೆ ಅದೊಂದು ಬಾಕಿ ಇತ್ತು."

"ಊಟ ಆರ್ತಾ ಇದೆ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಇಲ್ಲ ಎನ್ನಲಿಲ್ಲವಲ್ಲ, ಅಂದರೆ ಒಪ್ಪಿಕೊಂಡ ಹಾಗೆಯೇ ಎಂದು ಬೇರಣ್ಣ ಲೆಕ್ಕ ಹಾಕಿದ. ಬೇರು ನೋಡಿ ರೋಗ ಹೇಳುವ ಮನುಷ್ಯ, ಎದುರಿಗೆ ಕೂತ ಹೆಂಡತಿಯ ಮುಖ ನೋಡಿ ಏನೂ ಹೇಳಲಾರದೆ ಹೋದ.

ಮರುದಿನ ಬೆಳಿಗ್ಗೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವನು ಮೇಡಂ ಕೋಣೆಯ ಕಡೆ ಹೊರಟ. ದಾರಿಯುದ್ದಕ್ಕೂ ಒಂದು ವಾಕ್ಯ ಉರು ಹೊಡೆದ. "ಹೊಲದಲ್ಲಿ ಏನೋ ಆಗಿದೆ ಮೇಡಂ, ನನಗೂ ಅರ್ಥ ಆಗ್ತಿಲ್ಲ." ಅದರಲ್ಲಿ ಅವನ ತಪ್ಪೂ ಇರಲಿಲ್ಲ, ಹೆಂಡತಿಯ ತಪ್ಪೂ ಇರಲಿಲ್ಲ, ನಿಜ ಹೇಳಬೇಕೆಂದರೆ ಅದರಲ್ಲಿ ಏನೂ ಇರಲಿಲ್ಲ. ಆದರೂ ಕೆಟ್ಟ ವಾಕ್ಯವಲ್ಲ ಎಂದುಕೊಳ್ಳುತ್ತ ಬಾಗಿಲಿಗೆ ಬಂದವನು ಅಲ್ಲೇ ಕಂಬದಂತೆ ನಿಂತ. ಒಳಗೆ ಟೈಲರಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದಳು.

"ಅವರದ್ದೇನೂ ತಪ್ಪಿಲ್ಲಮ್ಮಾ," ಎನ್ನುತ್ತಿದ್ದಳು. "ಆ ತಾಕಿಗೆ ಬಟಾಣಿ ಹಾಕಿದ್ದು ನಾನು. ಏನು ಬೈಯೋದಿದ್ರೂ ನನ್ನನ್ನ ಬೈರಿ. ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ ಆಗ."

ಮೇಡಂ ಪೆನ್ನು ಕೆಳಗಿಟ್ಟರು. "ಎಷ್ಟು ಹಾಕಿದ್ರಿ ಬೀಜ?"

"ಒಂದು ಹಿಡಿ."

"ಅಷ್ಟು ದೊಡ್ಡ ತಾಕಿಗೆ ಒಂದೇ ಹಿಡೀನಾ?"

"ಅಯ್ಯೋ, ಒಂದು ಅಂದ್ರೆ ಒಂದೇನಾ. ಮಡಿಲು ತುಂಬ ಒಯ್ದಿದ್ದೆ."

"ಸಾಲು ಹಿಡಿದು ಹಾಕಿದ್ರಾ, ಎರಚಿದ್ರಾ?"

"ಸಾಲು! ಹೊಲಿಯೋ ಕೈ ಅಲ್ವಾ ಇದು, ಎರಚ್ತೀನಾ? ಹೊಲಿಗೆ ಹಾಕಿದ ಹಾಗೆ ನೇರ ಹಾಕಿದೆ."

"ಆಮೇಲೆ? ಬಿತ್ತನೆ ಹೊತ್ತಿಗೆ ತಾಕು ಖಾಲಿ ಇತ್ತಲ್ಲ. ಗಿಡ ಎಲ್ಲಿ ಹೋಯ್ತು?"

ಅಷ್ಟು ದೂರ ಟೈಲರಮ್ಮ ತಯಾರಿ ಮಾಡಿಕೊಂಡಿರಲಿಲ್ಲ.

"ಕಾಯಿ ಬಿಟ್ಟ ಮೇಲೆ ಕಿತ್ತೆ. ಬೇಯಿಸಿ ತಿಂದ್ವಿ. ಅವರೂ ತಿಂದ್ರು. ಕಣ್ಣಿಗೆ ಪಟ್ಟಿ ಇತ್ತಲ್ಲ, ಯಾವ ಬಟಾಣಿ ಅಂತ ಗೊತ್ತಾಗ್ಲಿಲ್ಲ."

ಮೇಡಂ ನಗು ತಡೆದುಕೊಳ್ಳಲು ಕೆಮ್ಮಿದರು. "ಒಂದೂವರೆ ತಿಂಗಳಲ್ಲಿ ಕಾಯಿ ಬಿಟ್ಟು ಬಲಿಯೋ ಬಟಾಣೀನಾ? ಟೈಲರಮ್ಮಾ, ಆ ಬೀಜ ನಮಗೂ ಒಂದು ಹಿಡಿ ಕೊಡಿ. ಹೊಸ ತಳಿ ಅಂತ ನಿಮ್ಮ ಹೆಸರಲ್ಲೇ ಬಿಡುಗಡೆ ಮಾಡೋಣ."

ಟೈಲರಮ್ಮ ತಬ್ಬಿಬ್ಬಾಗಿ ಸೆರಗಿನ ತುದಿ ಹಿಡಿದುಕೊಂಡಳು. ಆಗ ಮೇಡಂ ಬಾಗಿಲ ಕಡೆ ತಿರುಗಿ, "ಅಲ್ಲಿ ನಿಂತು ಕೇಳಿದ್ದು ಸಾಕು, ಒಳಗೆ ಬನ್ನಿ ಬೇರಣ್ಣ. ಬೇರು ನೆನೀತಾ?" ಎಂದರು.

"ಬೆಳ್ಳಗಿದೆ ಮೇಡಂ," ಎಂದ ಬೇರಣ್ಣ. ದಾರಿಯುದ್ದ ಉರು ಹೊಡೆದ ವಾಕ್ಯ ಬಾಯಿಗೆ ಬರಲೇ ಇಲ್ಲ.

"ಗೊತ್ತು. ಇಬ್ಬರೂ ಬನ್ನಿ ನನ್ನ ಜೊತೆ."

ಗಾಜಿನ ಮನೆಯ ಒಂದು ಮೂಲೆಯಲ್ಲಿ ಕುಂಡಗಳ ಎರಡು ಸಾಲಿದ್ದವು. ಒಣಗುವ ಕುಂಡಗಳ ನೆನಪಾಗಿಯೋ ಏನೋ ಟೈಲರಮ್ಮ ಕೈ ಹಿಂದೆ ಕಟ್ಟಿಕೊಂಡೇ ಒಳಗೆ ಬಂದಳು. ಮೇಡಂ ವಿವರಿಸಿದರು. ಎರಡೂ ಸಾಲಿನಲ್ಲಿ ಹಬೆಯಲ್ಲಿ ಬೇಯಿಸಿದ ಮಣ್ಣು, ಅಂದರೆ ಜೀವವೇ ಇಲ್ಲದ ಮಣ್ಣು. ಎರಡಕ್ಕೂ ಬೇಕೆಂದೇ ರೋಗದ ಬೂಷ್ಟು ಬೆರೆಸಿ ಗೋಧಿ ಹಾಕಿದ್ದು. ವ್ಯತ್ಯಾಸ ಒಂದೇ. ಎರಡನೇ ಸಾಲಿಗೆ ಬೇರಣ್ಣನ ಮೂರನೇ ತಾಕಿನ ಮಣ್ಣನ್ನು ಒಂದೊಂದು ಹಿಡಿ ಸೇರಿಸಿದ್ದರು. ಮೇಡಂ ಮೊದಲ ಸಾಲಿನಿಂದ ಒಂದು ಗಿಡ ಕಿತ್ತು ಬಕೆಟಿನಲ್ಲಿ ಅದ್ದಿ ಎತ್ತಿದರು. ಕರ್ರಗೆ. ಎರಡನೇ ಸಾಲಿನಿಂದ ಒಂದು ಕಿತ್ತು ಅದ್ದಿದರು. ಬೆಳ್ಳಗೆ.

"ಬೂಷ್ಟಿಗೆ ವರ್ಷಾ ವರ್ಷ ಗೋಧಿ ಸಿಕ್ಕಿದ್ರೆ ಅದು ಕೊಬ್ಬುತ್ತೆ," ಎಂದರು ಮೇಡಂ. "ಅದು ಕೊಬ್ಬಿ ಮೆರೆದ ಮೇಲೆ, ಅದನ್ನ ಹತ್ತಿಕ್ಕೋ ಸೂಕ್ಷ್ಮಜೀವಿಗಳೂ ಬೇರಿನ ಸುತ್ತ ಬಂದು ಮನೆ ಮಾಡ್ಕೊಳ್ತವೆ. ಎಲ್ಲಾ ಹೊಲದಲ್ಲೂ ಹೀಗಾಗಲ್ಲ, ಇಲ್ಲಿ ಆಗಿದೆ. ಹೀಗಾದ್ರೂ ಬೆಳೆ ಬದಲಿಸಿದ ಹೊಲದಷ್ಟು ಕಾಳು ಬರಲ್ಲ, ಅದಕ್ಕೆ ರೈತರಿಗೆ ನಾವು ಹೇಳೋದು ಅದೇ, ಬದಲಿಸಿ ಅಂತ. ನೀವು ಬಟಾಣಿ ಹಾಕಿದ್ರೂ ಬೇರು ಬೆಳ್ಳಗೆ ಬರ್ತಿತ್ತು ಟೈಲರಮ್ಮಾ, ನಿಜ. ಆದ್ರೆ ಆಗ ಬೂಷ್ಟು ಉಪವಾಸ ಸತ್ತಿರ್ತಿತ್ತು ಅಷ್ಟೆ. ಆ ಮಣ್ಣು ಇಲ್ಲಿ ಬಂದು ಹೀಗೆ ರೋಗ ತಡೀತಿರ್ಲಿಲ್ಲ. ತಡೀತಿದೆ ಅಂದ್ರೆ ಮಧ್ಯೆ ಯಾರೂ ಕೈ ಹಾಕಿಲ್ಲ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಮೇಡಂ?" ಎಂದು ಬೇರಣ್ಣ ಕೇಳಿದ. ದನಿಯಲ್ಲಿ ಅಳುವೂ ಇತ್ತು, ಜಗಳವೂ ಇತ್ತು.

"ಏಳು ವರ್ಷ ಒಂದೇ ಬೆಳೆ ಅಂದಾಗ್ಲೇ ನನಗೆ ಅನುಮಾನ ಬಂದು ಮಣ್ಣು ತಂದಿಟ್ಟಿದ್ದೆ. ಆದ್ರೆ ಬೇರು ನೋಡೋರಿಗೆ ಮೊದಲೇ ಹೇಳ್ಬಿಟ್ರೆ ಕಣ್ಣು ಅದನ್ನೇ ಹುಡುಕುತ್ತೆ. ನಿಮ್ಮ ಬೇರಿಗೋಸ್ಕರ ನಾನೂ ಕಾಯ್ತಾ ಇದ್ದೆ. ನೀವು ನೋಡಿದ್ರೆ ನೆನೆಹಾಕ್ಕೊಂಡು ಕೂತ್ರಿ."

ಕ್ವಾರ್ಟರ್ಸಿಗೆ ಹೋಗುವ ದಾರಿಯಲ್ಲಿ ಬೇರಣ್ಣನಿಗೆ ಖುಷಿಯಾಗಬೇಕಿತ್ತು. ಪ್ರಯೋಗ ಉಳಿದಿತ್ತು, ಅವನ ಮಾನ ಉಳಿದಿತ್ತು, ಅವನ ತಾಕು ಇನ್ನೂ ಹೆಚ್ಚಿನದೇನೋ ಆಗಿತ್ತು. ಆದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಹೆಂಡತಿ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಅವಳ ಹಿಂದಿನಿಂದಲೇ ಇವನು ಕೇಳಿದ.

"ಹಾಕದೆ ಇದ್ದದ್ದನ್ನ ಹಾಕಿದೆ ಅಂತ ಯಾಕೆ ಹೇಳೋಕೆ ಹೋದೆ?"

"ನೀವೇ ಹೇಳಿದ್ರಲ್ಲ, ನಾನು ಹಾಕಿದೆ ಅಂತ."

"ನಾನು ಕೇಳಿದೆ. ನೀನು ಇಲ್ಲ ಅನ್ಬಹುದಿತ್ತು."

ಅವಳು ನಿಂತು ತಿರುಗಿದಳು. "ನೀವು ಕೇಳ್ಲಿಲ್ಲ ರೀ. ಹೇಳಿದ್ರಿ."

ಬೇರಣ್ಣ ಹಿಂದಿನ ದಿನದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಏನಿದು ಎಂದು ಕೇಳಿದ್ದ, ಅದು ಗಿಡದ ವಿಷಯ. ಇದನ್ನ ಬಿಡ್ತೀಯಾ ಎಂದಿದ್ದ, ಅದು ಬೈಗುಳ. ಹಾಕಿದ್ದು ನೀನಾ ಎಂದು ಎಲ್ಲೂ ಕೇಳಿರಲಿಲ್ಲ.

"ಕಟ್ಕೊಂಡೋರೇ ನಂಬಲ್ಲ ಅಂದ ಮೇಲೆ ನಾನು ಇಲ್ಲ ಅಂದು ಯಾರಿಗೆ ಒಪ್ಪಿಸ್ಲಿ?" ಎಂದಳು ಟೈಲರಮ್ಮ. ದನಿ ಏರಿಸಲಿಲ್ಲ. "ಬೈಗುಳ ಹೇಗೂ ನನ್ನ ತಲೆ ಮೇಲೆ ಬಂದಾಗಿತ್ತು. ಪೂರ್ತಿ ನನಗೇ ಬರ್ಲಿ, ನಿವೃತ್ತಿ ಹೊತ್ತಲ್ಲಿ ನಿಮಗೆ ಯಾಕೆ ಒಂದು ಪಾಲು ಅಂದ್ಕೊಂಡೆ."

ಬೇರಣ್ಣನ ಕಣ್ಣು ತುಂಬಿಬಂತು. ಪೊರೆ ತೆಗೆದ ಕಣ್ಣಿಗೆ ಧೂಳು ಆಗದು ಎಂಬ ನೆಪ ಅವನಿಗಿತ್ತು, ಆದರೆ ದಾರಿಯಲ್ಲಿ ಧೂಳಿರಲಿಲ್ಲ.

"ತಪ್ಪಾಯ್ತು," ಎಂದ. ಆಮೇಲೆ, "ಈಗ ಕೇಳ್ತೀನಿ. ಹಾಕಿದ್ಯಾ?"

"ಇಲ್ಲ."

"ಆಯ್ತು."

ಸ್ವಲ್ಪ ದೂರ ಹೋದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಹಾಕ್ಬೇಕು ಅಂತ ಮನಸ್ಸಿಗೆ ಬಂದಿತ್ತಾ?"

"ಅದನ್ನ ಕೇಳ್ಬೇಡಿ," ಎಂದು ಅವಳು ಬಿರಬಿರನೆ ನಡೆದಳು. ಹಿಂದಿನಿಂದ ನೋಡಿದರೂ ನಗುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ವಾರದ ಕೊನೆಗೆ ಪರಿಶೀಲನಾ ತಂಡ ಬಂತು. ನಾಲ್ವರು ವಿಜ್ಞಾನಿಗಳು, ಅವರಲ್ಲಿ ಎಲ್ಲರಿಗಿಂತ ಹಿರಿಯರು ಬಿಳಿ ಮೀಸೆಯವರೊಬ್ಬರು. ಮೂರನೇ ತಾಕಿನ ಮುಂದೆ ನಿಂತು ಬಿಳಿ ಬೇರುಗಳನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮಣ್ಣೇ ರೋಗ ತಡೆಯುತ್ತಿದೆ ಎಂದು ಮೇಡಂ ಹೇಳಿದಾಗ ತಲೆಯಾಡಿಸಿದರು.

"ದೊಡ್ಡ ಮಾತು ಇದು," ಎಂದರು. "ಆದ್ರೆ ನಂಬ್ಬೇಕು ಅಂದ್ರೆ, ಈ ಏಳು ವರ್ಷದಲ್ಲಿ ಒಂದು ಸಲಾನೂ ಇಲ್ಲಿ ಬೇರೆ ಬೆಳೆ ಬಿದ್ದಿಲ್ಲ ಅಂತ ಖಾತ್ರಿ ಆಗ್ಬೇಕು. ಯಾರೂ ಏನೂ ಹಾಕಿಲ್ಲ ಅಂತ ಹೇಗೆ ಹೇಳ್ತೀರಿ?"

ಮೇಡಂ ಗಾಜಿನ ಮನೆಯ ಕಡೆ ಕೈ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಬೇರಣ್ಣ ಮುಂದೆ ಬಂದ.

"ಹಾಕಿಲ್ಲ ಸಾರ್. ನಾನು ಮನೇಲಿ ಕೇಳಿದೀನಿ."

"ಮನೇಲಿ?"

"ಹೆಂಡತೀನ ಸಾರ್. ಇಲ್ಲ ಅಂದ್ಲು."

ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಬಿಳಿ ಮೀಸೆಯವರೂ ನಕ್ಕರು. "ಅದು ಹೇಗಪ್ಪಾ ಸಾಕ್ಷಿ ಆಗುತ್ತೆ?" ಎಂದು ಕೇಳಿದರು.

"ನಿಮಗೆ ಅಲ್ಲಿ ಕುಂಡಗಳಿವೆ ಸಾರ್, ಮೇಡಂ ತೋರಿಸ್ತಾರೆ," ಎಂದ ಬೇರಣ್ಣ. "ನನಗೆ ಇಷ್ಟು ಸಾಕು."